ಲಾಲಮ್ಮ ಕಾದಿಟ್ಟ ಹತ್ತು ಪದ

ಮೊರದಲ್ಲಿ ಹರವಿದ ತೊಗರಿ ಬೇಳೆಯಿಂದ ಭಾಗ್ಯ ಕಲ್ಲು ಆರಿಸುತ್ತಿದ್ದಳು. ಎದುರಿಗೆ ಕುಳಿತ ಲಾಲಮ್ಮ ಮೊರದ ಆಚೆ ಅಂಚಿನಿಂದ ಆರಿಸುತ್ತ ಬಂದವಳು ನಡು ದಾಟಿ ಭಾಗ್ಯಳ ಪಾಲಿಗೂ ಕೈ ಹಾಕಿದ್ದಳು. ಎಪ್ಪತ್ತು ದಾಟಿದ ಬೆರಳುಗಳು ಕೋಳಿ ಕಾಳು ಹೆಕ್ಕಿದಂತೆ ಓಡುತ್ತಿದ್ದವು.

“ನೀ ಆರಿಸಿದ್ದರಾಗ ಇನ್ನಾ ಕಲ್ಲು ಅದಾವ ನೋಡು,” ಎಂದಳು ಮುದುಕಿ. “ನಿನ್ನ ಲಗ್ನ ಆಗಾವ ಎರಡು ಹೊತ್ತು ಉಂಡ್ರ ಹಲ್ಲು ಕಟ್ಟಿಸ್ಕೊಬೇಕಾಗ್ತದ.”

ಭಾಗ್ಯ ನಕ್ಕಂತೆ ಮಾಡಿದಳು. ನಗುವ ಮನಸ್ಸಿರಲಿಲ್ಲ. ಅವಳ ಹೆಗಲ ಚೀಲದಲ್ಲಿ ನಾಲ್ಕು ತಿಂಗಳಿಂದ ಅಂಟು ಹಚ್ಚದೆ ಇಟ್ಟುಕೊಂಡ ಒಂದು ಲಕೋಟೆ ಇತ್ತು. ಅದನ್ನು ಕಳಿಸಿದರೆ ಅವಳ ಕೆಲಸ ಹೋಗುವುದು. ಕಳಿಸದಿದ್ದರೆ ಬರುವ ಸೋಮವಾರ ಇಮ್ರಾನನ ಜಾಮೀನು ಅರ್ಜಿ ಬಿದ್ದುಹೋಗುವುದು.

ವಿಶ್ವವಿದ್ಯಾಲಯದ ನರಮನೋವಿಜ್ಞಾನ ಪ್ರಯೋಗಾಲಯದ ಸಂಶೋಧಕ ಸೂರ್ಯಕಾಂತ ಶಹಾಬಾದಿನ ನೀರು ನಿಂತ ಹಳೇ ಕಲ್ಲಿನ ಖಣಿಯಲ್ಲಿ ಹೆಣವಾಗಿ ತೇಲಿ ಎಂಟು ತಿಂಗಳಾಗಿತ್ತು. ಖಣಿಯ ದಂಡೆಗೆ ಪ್ರಯೋಗಾಲಯದ ಜೀಪು ನಿಂತಿತ್ತು. ಅದರ ಚಾಲಕ ಇಮ್ರಾನನನ್ನು ಪೊಲೀಸರು ಎರಡು ದಿನದ ಮೇಲೆ ಹಿಡಿದಿದ್ದರು, ಕೊಲೆಯ ಆರೋಪದಲ್ಲಿ ಅವನು ಇನ್ನೂ ಜೈಲಿನಲ್ಲಿದ್ದ.

ಆ ಸಂಜೆ ಇಮ್ರಾನ್ ಖಣಿಯ ಹತ್ತಿರ ಸುಳಿದೇ ಇರಲಿಲ್ಲ, ವಾಡಿ ಊರಿನ ಈ ಅಂಗಳದ ಇದೇ ಫರಶಿಕಲ್ಲಿನ ಮೇಲೆ ದೀಪ ಹಚ್ಚುವವರೆಗೆ ಕುಳಿತಿದ್ದ ಎಂದು ಹೇಳುವವಳು ಒಬ್ಬಳೇ, ಲಾಲಮ್ಮ. ಸೂರ್ಯಕಾಂತನನ್ನು ಇಲ್ಲಿಗೆ ಕರೆತಂದ ಇಮ್ರಾನ್ ಕೀಲಿಯನ್ನು ಜೀಪಿನಲ್ಲೇ ಬಿಟ್ಟು ಇಳಿಮಧ್ಯಾಹ್ನದ ಅಸರ್ ನಮಾಜಿಗೆ ಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಜೀಪೂ ಇಲ್ಲ, ಸೂರ್ಯಕಾಂತನೂ ಇಲ್ಲ. ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಕಾಯುತ್ತ ಕುಳಿತವನಿಗೆ ಲಾಲಮ್ಮ ಎರಡು ಸಲ ಚಹಾ ಕೊಟ್ಟಿದ್ದಳು.

ಪೊಲೀಸರು ಆಕೆಯ ಮಾತನ್ನು ಬದಿಗಿಟ್ಟರು. ಮುದುಕಿಯ ನೆನಪು ಕೆಟ್ಟಿದೆ, ಒಂದು ದಿನದ್ದನ್ನು ಇನ್ನೊಂದು ದಿನಕ್ಕೆ ಕಲಸುತ್ತಾಳೆ ಎಂದು ಅವರ ಕೈಯಲ್ಲಿ ಪ್ರಯೋಗಾಲಯದ ಕಾಗದವೇ ಇತ್ತು. ಆ ಕಾಗದದ ಕೆಳಗಿನ ಸಹಿ ಭಾಗ್ಯಳದು.

ಫೆಬ್ರುವರಿಯಲ್ಲಿ ಇದೇ ಅಂಗಳದಲ್ಲಿ ಭಾಗ್ಯ ಆ ಪರೀಕ್ಷೆ ಮಾಡಿದ್ದಳು. ತಾರೀಕು ಕೇಳಿದರೆ ಲಾಲಮ್ಮ ಅಮಾವಾಸ್ಯೆ ಆಗಿ ಎಷ್ಟು ದಿನವಾಯಿತೆಂದು ಹೇಳಿದಳು. ಗಡಿಯಾರದ ಚಿತ್ರ ಬರೆ ಎಂದರೆ ಪೆನ್ಸಿಲನ್ನು ಉಳಿ ಹಿಡಿದಂತೆ ಮುಷ್ಟಿಯಲ್ಲಿ ಹಿಡಿದು ಕಾಗದ ಹರಿದಳು. ಹತ್ತು ಪದ ಓದಿ ಹೇಳಿ ಇಪ್ಪತ್ತು ನಿಮಿಷದ ಮೇಲೆ ಕೇಳಿದರೆ ಹತ್ತರಲ್ಲಿ ಒಂದೂ ಸರಿ ಬರಲಿಲ್ಲ. ಮೂವತ್ತಕ್ಕೆ ಒಂಬತ್ತು ಅಂಕ.

ಶಾಲೆಯ ಮೆಟ್ಟಿಲು ಹತ್ತದವಳನ್ನು ಶಾಲೆ ಕಲಿತವರ ಅಳತೆಯಲ್ಲಿ ಅಳೆದೆನಲ್ಲ ಎಂಬ ಚಡಪಡಿಕೆ ಭಾಗ್ಯಳನ್ನು ಅಂದೇ ಹಿಡಿದಿತ್ತು. ಮಾರ್ಚಿನಲ್ಲಿ ಕುಳಿತು ಪತ್ರ ಬರೆದಳು. ನನ್ನ ವರದಿ ತಪ್ಪು, ಅದನ್ನು ನಂಬಬೇಡಿ ಎಂದು. ಬರೆದಳೇ ಹೊರತು ಕಳಿಸಲಿಲ್ಲ.

ಇವತ್ತು ಬಂದಿದ್ದಕ್ಕೂ ಒಳಗೊಂದು ಕಳ್ಳ ಆಸೆಯಿತ್ತು. ಮುದುಕಿಗೆ ನಿಜವಾಗಿಯೂ ಮರೆವು ಇದ್ದುಬಿಟ್ಟರೆ ಪತ್ರ ಹರಿದು ಒಲೆಗೆ ಹಾಕಬಹುದು.

“ಆಯಿ, ನಾ ಆವಾಗ ನಿನಗ ಹತ್ತು ಮಾತು ಹೇಳಿದ್ದೆ. ಒಂದಾರ ನೆನಪದ ಏನು?”

“ನೀ ಹೇಳಿದ್ವು ಹೋದ್ವು,” ಎಂದಳು ಲಾಲಮ್ಮ, ಮೊರದಿಂದ ಕಣ್ಣೆತ್ತದೆ. “ಅವಂದು ಅದಾವ.”

“ಯಾರಂದು?”

ಮುದುಕಿ ಆ ಪದಗಳನ್ನೇ ಹೇಳತೊಡಗಿದಳು. ಒಂದೊಂದು ಪದಕ್ಕೂ ತಡೆಯಿಲ್ಲ, ಕೈಯ ಕೆಲಸವೂ ನಿಲ್ಲಲಿಲ್ಲ. “ಬೀಸುಕಲ್ಲು. ಹುಣಸಿ. ಲಾಟೀನು. ಕುರಿ. ಗಾಳಿ. ಮಸರು. ಕೂರಿಗಿ. ಉಪ್ಪು. ರೈಲು. ಗೋಣಿ.”

ಭಾಗ್ಯಳ ಬೆರಳು ಬೇಳೆಯಲ್ಲಿ ನಿಂತವು. ಅವಳು ಓದಿದ ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಆದರೆ ಈ ಸಾಲನ್ನು ಅವಳು ಎಲ್ಲಿಯೋ ನೋಡಿದ್ದಳು. ಅವಸರದಿಂದ ಚೀಲ ಬಿಚ್ಚಿ, ಪತ್ರದ ಜೊತೆ ಇಟ್ಟಿದ್ದ ಫೆಬ್ರುವರಿಯ ಅಂಕಪಟ್ಟಿ ಹೊರತೆಗೆದಳು. ಅದರ ಕೆಳಗೊಂದು ಚೌಕವಿತ್ತು: ಪಟ್ಟಿಯಲ್ಲಿಲ್ಲದ ಪದಗಳು. ಚೌಕದ ತುಂಬ ಅವಳದೇ ಕೈಬರಹ. ಬೀಸುಕಲ್ಲು, ಹುಣಸಿ, ಲಾಟೀನು. ಹತ್ತೂ ಪದ, ಅದೇ ಸಾಲಿನಲ್ಲಿ. ಒಂದೊಂದರ ಮೇಲೂ ಕೆಂಪು ಗೀಟು.

ಹೇಳದ ಪದ ಹೇಳಿದರೆ ಅದು ಮನಸ್ಸು ಕಲಕಿದ್ದರ ಗುರುತು ಎಂಬುದು ಪ್ರಯೋಗಾಲಯದ ನಿಯಮ. ಹಾಗೆಂದು ಅವಳು ಗೀಟು ಹೊಡೆದಿದ್ದಳು. ಕಲಕಿದ ಮನಸ್ಸು ಐದು ತಿಂಗಳು ಬಿಟ್ಟು ಅದೇ ಹತ್ತು ಪದಗಳನ್ನು ಅದೇ ಸಾಲಿನಲ್ಲಿ ಹೇಳುವುದಿಲ್ಲ ಎಂಬುದು ಯಾವ ನಿಯಮದಲ್ಲೂ ಬರೆದಿರಲಿಲ್ಲ.

“ಈ ಮಾತು ನಿನಗ ಯಾರು ಹೇಳಿದ್ರು, ಆಯಿ?”

“ಸತ್ತ ಹುಡುಗ. ಸೂರ್ಯಕಾಂತ.”

ಲಾಲಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ಅವಸರವಿಲ್ಲದೆ ಹೇಳಿದಳು. ಆ ಮಧ್ಯಾಹ್ನ ಸೂರ್ಯಕಾಂತ ಇಲ್ಲಿಯೇ ಕುಳಿತು ಈ ಹತ್ತು ಮಾತನ್ನು ಮೂರು ಸಲ ಓದಿದ. ಹಿಡಿದಿಟ್ಟುಕೋ ಆಯಿ, ಇಪ್ಪತ್ತು ನಿಮಿಷದ ಮೇಲೆ ಕೇಳುತ್ತೇನೆ ಎಂದ. ಓಣಿಯಲ್ಲಿ ಇನ್ನೂ ನಾಲ್ಕು ಜನರನ್ನು ಕೇಳುವುದಿದೆ, ಯಾರಿಗೂ ಹೇಳಬೇಡ ಎಂದ. ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ಒಬ್ಬ ಗೃಹಸ್ಥ ನಡೆದು ಬಂದ. ಅಂಗಳಕ್ಕೆ ಕಾಲಿಡಲಿಲ್ಲ, ಸೀದಾ ಹೋಗಿ ಜೀಪಿನಲ್ಲಿ ಚಾಲಕನ ಜಾಗದಲ್ಲಿ ಕುಳಿತು ಹಾರ್ನ್ ಒತ್ತಿದ. ಸೂರ್ಯಕಾಂತ ನೋಡಿದ, ಮುಖ ಸಣ್ಣದು ಮಾಡಿದ, ಈಗ ಬಂದೆ ಆಯಿ ಎಂದು ಎದ್ದು ಹೋದ.

“ಬರ್ತೀನಿ ಅಂದಾವ ಬರಲೇ ಇಲ್ಲ,” ಎಂದಳು ಲಾಲಮ್ಮ. “ಇನ್ನೊಬ್ಬರ ಸಾಮಾನ ಇಟ್ಕೊಂಡಂಗ ಇಟ್ಕೊಂಡೀನಿ. ದಿನಾ ಮುಂಜಾನಿ ಒಲಿ ಮುಂದ ಒಮ್ಮೆ ಹೇಳ್ಕೊತೀನಿ. ನೀ ಅದೇ ಆಫೀಸಿನಾಕಿ ಅಂತ ನಿನಗ ಒಪ್ಪಿಸಿದ್ರ, ಕೆಂಪು ಪೆನ್ನಿಲೆ ಕಾಟು ಹಾಕಿದಿ.”

ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಭಾಗ್ಯ ಕೇಳಿದಳು. ಹೇಳಿದ್ದೆ, ಹುಡುಗ ಬಂದು ಮಾತು ಕೊಟ್ಟು ಹೋದ ಅಂದಿದ್ದೆ, ಎಲ್ಲರೂ ಕೂಡಿ ನಕ್ಕರು ಎಂದಳು ಮುದುಕಿ. ಜೀಪಿನಲ್ಲಿ ಕುಳಿತವನ ಹೆಸರು ಗೊತ್ತಿಲ್ಲ, ಆದರೆ ಮುಖ ಕಂಡರೆ ಗುರುತು ಹಿಡಿಯುತ್ತಾಳಂತೆ.

“ಅವನ್ನ ಇನ್ನೊಮ್ಮೆ ನೋಡಿದ್ರ ಗುರ್ತು ಹಿಡೀತಿ, ಖರೆ?”

“ಮೂವತ್ತು ವರ್ಷ ಫರಶಿ ಹೊತ್ತೀನಿ. ಯಾವ ಫರಶಿ ಯಾವ ಖಣಿದು ಅಂತ ನೋಡಿದ ಕೂಡ್ಲೆ ಹೇಳ್ತಿದ್ದೆ. ಮನಷ್ಯಾನ ಮುಖ ಏನು ದೊಡ್ಡದು.”

ಹೊರಡುವಾಗ ಮೂರು ಮನೆ ಆಚೆಯ ಬಾಗಿಲಲ್ಲಿ ಮಾಸುಮಬಿ ನಿಂತಿದ್ದಳು. ಇಮ್ರಾನನ ತಾಯಿ. ಭಾಗ್ಯ ಬಂದಾಗಲೆಲ್ಲ ಆಕೆ ಹೀಗೆಯೇ ನಿಲ್ಲುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಭಾಗ್ಯ ತಲೆ ತಗ್ಗಿಸಿಕೊಂಡು ದಾಟಿದಳು.

ಶಹಾಬಾದಿಗೆ ಹೊರಟ ಆಟೋದಲ್ಲಿ ಅವಳು ಮೊದಲು ಫೋನು ಹಚ್ಚಿದ್ದು ಇಮ್ರಾನನ ವಕೀಲ ಸುರೇಶಕುಮಾರರಿಗೆ. ಪತ್ರ ಬರೆದ ಸಂಗತಿ ಗೊತ್ತಿದ್ದದ್ದು ಅವರೊಬ್ಬರಿಗೇ. ಮಾರ್ಚಿನಲ್ಲೇ ಅವರ ಮುಂದೆ ಬಾಯಿ ಬಿಟ್ಟಿದ್ದಳು. ಅವರು ಸಮಾಧಾನದ ಮನುಷ್ಯ. ಈಗಲೇ ಬೇಡ, ಪೊಲೀಸರ ಆರೋಪಪಟ್ಟಿ ಬರಲಿ ಎಂದಿದ್ದರು. ಆಮೇಲೆ ನ್ಯಾಯಾಧೀಶರ ವರ್ಗ ಆಗಲಿ ಎಂದರು. ಆಮೇಲೆ ನಾನೇ ಹೇಳುತ್ತೇನೆ ಎಂದರು. ತಡವಾದದ್ದರಲ್ಲಿ ಅರ್ಧ ಅವಳ ಹೆದರಿಕೆ, ಇನ್ನರ್ಧ ಅವರ ಸಲಹೆ.

ಆಟೋದ ಸದ್ದಿನಲ್ಲಿ ಒದರಿಕೊಂಡೇ ಎಲ್ಲ ಹೇಳಿದಳು. ಹತ್ತು ಪದಗಳ ಸಂಗತಿ ಹೇಳಿದಳು. ಜೀಪಿನಲ್ಲಿ ಕುಳಿತವನನ್ನು ಲಾಲಮ್ಮ ಗುರುತು ಹಿಡಿಯುತ್ತಾಳೆ ಎಂಬುದನ್ನೂ ಹೇಳಿದಳು.

ಇದನ್ನು ಇನ್ನು ಯಾರಿಗೆ ಹೇಳಿದ್ದೀರಿ ಎಂದು ಕೇಳಿದರು. ಯಾರಿಗೂ ಇಲ್ಲ ಎಂದಳು. ಪತ್ರ ಎಲ್ಲಿದೆ ಎಂದು ಕೇಳಿದರು. ನನ್ನ ಚೀಲದಲ್ಲಿದೆ ಎಂದಳು.

“ಭಾಳ ಚಲೋ ಕೆಲಸ ಮಾಡಿದ್ರಿ,” ಎಂದರು ಸುರೇಶಕುಮಾರ. “ನಾ ಹೈಕೋರ್ಟಿನ ಕೆಲಸದ ಮ್ಯಾಲ ಬೆಂಗಳೂರಿನಾಗ ಇದ್ದೀನಿ. ಶನಿವಾರ ಬರ್ತೀನಿ. ಇವತ್ತೇ ಸ್ಪೀಡ್ ಪೋಸ್ಟಿಲೆ ನನ್ನ ಆಫೀಸಿಗೆ ಹಾಕಿಬಿಡ್ರಿ. ಫೋಟೋ ಗೀಟೋ ಬ್ಯಾಡ, ಕೋರ್ಟಿನಾಗ ಮೂಲ ಕಾಗದನೇ ಬೇಕು. ಅಲ್ಲೀತನಕ ಯಾರ ಜೋಡಿನೂ ಮಾತಾಡಬ್ಯಾಡ್ರಿ.”

ಭಾಗ್ಯಳಿಗೆ ಎದೆಯ ಮೇಲಿನ ಫರಶಿ ಇಳಿಸಿದಂತಾಯಿತು. ಆದರೂ ಅವಳು ಸೀದಾ ಅಂಚೆ ಕಚೇರಿಗೆ ಹೋಗಲಿಲ್ಲ. ಒಂದು ತೊಡಕು ಉಳಿದಿತ್ತು. ಮುದುಕಿಯ ನೆನಪು ಗಟ್ಟಿ ಎಂಬುದಕ್ಕೆ ಹತ್ತು ಪದ ಸಾಕು. ಆದರೆ ಅದು ಆ ದಿನದ್ದೇ ಎನ್ನುವುದಕ್ಕೆ ಏನು ಆಧಾರ? ಸೂರ್ಯಕಾಂತ ಒಂದು ವಾರ ಮೊದಲು ಬಂದಿದ್ದ, ಆಕೆ ದಿನ ಕಲಸಿದ್ದಾಳೆ ಎಂದರೆ ಮುಗಿಯಿತು. ಈ ಪಟ್ಟಿ ಯಾವಾಗ ಹುಟ್ಟಿತು ಎಂಬುದನ್ನು ಪ್ರಯೋಗಾಲಯದಲ್ಲೇ ಹುಡುಕಬೇಕು.

ಪ್ರಯೋಗಾಲಯದ ಶಹಾಬಾದಿನ ಕೋಣೆ ಫರಶಿ ಪಾಲಿಶ್ ಮಾಡುವ ಅಂಗಳವೊಂದರ ಮಾಳಿಗೆಯ ಮೇಲಿತ್ತು. ಕೆಳಗೆ ಯಂತ್ರ ದಿನವಿಡೀ ಕರಕರ ಎನ್ನುವುದು. ಕಿಟಕಿಯ ಗಾಜಿನ ಮೇಲೆ ಕಲ್ಲಿನ ಬೂದು ಪುಡಿ ಕೂರುವುದು. ವಿಭಾಗದ ಮುಖ್ಯಸ್ಥ ಹಣಮಂತರಾಯರು ಈ ಕೋಣೆಯನ್ನು ಬೇಕೆಂದೇ ಆರಿಸಿದ್ದರು. ರಾತ್ರಿ ಪಾಳಿಯ ಕೆಲಸಗಾರರ ತಲೆಗೆ ತಂತಿಗಳ ಟೊಪ್ಪಿಗೆ ಹಾಕಿ, ನಿದ್ದೆಗೆಟ್ಟ ಮಿದುಳು ಎಷ್ಟು ಹೊತ್ತು ಒಂದು ಕಡೆ ನಿಲ್ಲುತ್ತದೆಂದು ಅಳೆಯುವುದು ಅವರ ಸಂಶೋಧನೆ.

ಅದೇ ವಿಭಾಗದ, ಭಾಗ್ಯಳ ಮಾರ್ಗದರ್ಶಕಿ ಡಾಕ್ಟರ್ ರಾಧಿಕಾ ಅವರದು ಬೇರೆ ದಾರಿ. ಪಾರ್ಶ್ವವಾಯು ಹೊಡೆದ ಮೇಲೆ ಯಾರಿಗೆ ಯಾವ ಭಾಷೆ ಉಳಿಯುತ್ತದೆ ಎಂಬುದು ಆಕೆಯ ಪ್ರಶ್ನೆ. ಸೇಡಮಿನ ಒಬ್ಬ ಕಿರಾಣಿ ಅಂಗಡಿಯ ಯಜಮಾನನಿಗೆ ಕನ್ನಡ ಪೂರ್ತಿ ಹೋಗಿ ತೆಲುಗಿನ ಬೈಗುಳ ಮಾತ್ರ ಉಳಿದಿದ್ದವು. ಚಿಂಚೋಳಿಯ ಒಬ್ಬ ಹೆಣ್ಣುಮಗಳು ಮಕ್ಕಳ ಹೆಸರು ಮರೆತಿದ್ದರೂ ಉರ್ದುವಿನಲ್ಲಿ ಒಂದರಿಂದ ನೂರರವರೆಗೆ ಎಣಿಸುತ್ತಿದ್ದಳು. ಅಂಥವರ ಮಂಚದ ಪಕ್ಕ ರಾಧಿಕಾ ಗಂಟೆಗಟ್ಟಲೆ ಕೂರುತ್ತಿದ್ದರು. ಭಾಗ್ಯಳನ್ನು ಮುಧೋಳದ ಹಾಸ್ಟೆಲ್ಲಿನಿಂದ ಕರೆತಂದು, ಎಂ.ಎ. ಮುಗಿಸುವವರೆಗೆ ಬೆನ್ನಿಗೆ ನಿಂತು, ಪಿಎಚ್.ಡಿ.ಗೆ ಹಚ್ಚಿದವರೂ ಅವರೇ.

ಆ ಮಧ್ಯಾಹ್ನ ಅವರು ಒಬ್ಬರೇ ಇದ್ದರು. ಭಾಗ್ಯ ಕಪಾಟು ತೆಗೆದು ಪದಪಟ್ಟಿಗಳ ಕಡತ ಹೊರತೆಗೆದಳು. ಒಟ್ಟು ಆರು ಪಟ್ಟಿ. ಆರನ್ನೂ ಎರಡೆರಡು ಸಲ ನೋಡಿದಳು. ಯಾವುದರಲ್ಲೂ ಬೀಸುಕಲ್ಲು ಇರಲಿಲ್ಲ.

“ಏನು ಹುಡುಕ್ಲಿಕತ್ತೀದಿ?” ರಾಧಿಕಾ ಕನ್ನಡಕದ ಮೇಲಿಂದ ನೋಡಿದರು.

ಭಾಗ್ಯ ಒಂದು ಚೀಟಿಯ ಮೇಲೆ ಹತ್ತು ಪದ ಬರೆದು ಅವರ ಮುಂದೆ ಇಟ್ಟಳು. ರಾಧಿಕಾ ಓದಿದರು. ಓದಿ ಮುಗಿಸುವ ಮೊದಲೇ ಅವರ ಮುಖದ ಬಣ್ಣ ಇಳಿಯಿತು.

“ಈ ಪಟ್ಟಿ ನಿನಗ ಹೆಂಗ ಸಿಕ್ತು?”

“ಲಾಲಮ್ಮನ ಬಾಯಿಲೆ.”

“ಆಗಂಗಿಲ್ಲ. ಇದು ಯಾರ ಕೈಗೂ ಹೋಗೇ ಇಲ್ಲ. ಸೂರ್ಯಕಾಂತ ಇದನ್ನ...” ರಾಧಿಕಾ ಅಲ್ಲಿಗೆ ನಿಂತರು.

ಕೆಳಗೆ ಪಾಲಿಶ್ ಯಂತ್ರ ಒಂದು ಫರಶಿ ಮುಗಿಸಿ ಇನ್ನೊಂದನ್ನು ಹಿಡಿಯಿತು. ಭಾಗ್ಯ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತಳು. ಈ ಆರು ವರ್ಷದಲ್ಲಿ ಕೇಳದೆ ಅವರೆದುರು ಕುಳಿತದ್ದು ಇದೇ ಮೊದಲು.

“ಇದನ್ನ ಅಂವ ಯಾವಾಗ ಮಾಡಿದ, ಮೇಡಂ?”

ರಾಧಿ­ಕಾ ಫೋನು ತೆಗೆದು, ಹಿಂದೆ ಹಿಂದೆ ಸರಿಸುತ್ತ ಹೋಗಿ, ಒಂದು ಸಂದೇಶ ತೆರೆದು ಭಾಗ್ಯಳ ಕಡೆ ತಿರುಗಿಸಿದರು. ಸೂರ್ಯಕಾಂತ ಸತ್ತ ದಿನ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೆರಡು ನಿಮಿಷ. ಕೈಯಲ್ಲಿ ಬರೆದ ಹತ್ತು ಪದಗಳ ಚಿತ್ರ. ಕೆಳಗೆ ಅವನ ಮಾತು: ಮೇಡಂ, ಈಗ ಕೂತು ಮಾಡೀನಿ. ಎಲ್ಲಾ ಅಡಿಗಿ ಮನಿ, ಹೊಲದ್ದು. ಸಾಲಿ ಕಲೀದವರಿಗೂ ನಡೀತದ. ಇವತ್ತು ವಾಡಿಯೊಳಗ ಒಬ್ಬಾಕಿ ಆಯಿ ಮ್ಯಾಲ ನೋಡಿ ಬರ್ತೀನಿ.

ಭಾಗ್ಯ ಎರಡು ಸಲ ಓದಿದಳು. ಬೆಳಿಗ್ಗೆ ಹುಟ್ಟಿದ ಪಟ್ಟಿ. ಸಂಜೆಗೆ ಅದನ್ನು ಮಾಡಿದವನು ಖಣಿಯ ನೀರಿನಲ್ಲಿದ್ದ. ಅವನ ಚೀಲದಲ್ಲಿದ್ದ ಕಾಗದವೆಲ್ಲ ಮುದ್ದೆಯಾಗಿ ಸಿಕ್ಕಿತ್ತು. ಹಾಗಾದರೆ ಈ ಹತ್ತು ಪದ ಲಾಲಮ್ಮನ ಕಿವಿಗೆ ಬೀಳಲು ಸಾಧ್ಯವಿದ್ದದ್ದು ಒಂದೇ ಒಂದು ದಿನ. ಮುದುಕಿ ದಿನ ಕಲಸಿಲ್ಲ. ಆ ದಿನ ಸೂರ್ಯಕಾಂತ ಆ ಅಂಗಳದಲ್ಲಿದ್ದ. ಇಮ್ರಾನನೂ ಇದ್ದ.

“ಆ ದಿವಸ ಹೊರಗಿನ ಕೆಲಸನೇ ಇರಲಿಲ್ಲ ಅಂತ ನೀವು ಪೊಲೀಸರಿಗೆ ಹೇಳೀರಿ.”

“ಹೇಳೀನಿ.” ರಾಧಿಕಾ ತಪ್ಪಿಸಿಕೊಳ್ಳಲು ನೋಡಲಿಲ್ಲ. ಒಂದೊಂದಾಗಿ ಹೇಳಿದರು. ಹೊಸ ಪಟ್ಟಿಯನ್ನು ಜನರ ಮೇಲೆ ಪ್ರಯೋಗಿಸುವ ಮೊದಲು ನೀತಿ ಸಮಿತಿಯ ಒಪ್ಪಿಗೆ ಬೇಕು. ಸೂರ್ಯಕಾಂತ ಕೇಳಿರಲಿಲ್ಲ. ಅವನನ್ನು ತಡೆಯಬೇಕಾದ ತಾವು ಸಂದೇಶ ನೋಡಿಯೂ ಸುಮ್ಮನಾಗಿದ್ದರು. ಅವನು ಸತ್ತ ಮರುದಿನ ಹಣಮಂತರಾಯರು ಕರೆದು, ಒಪ್ಪಿಗೆ ಇಲ್ಲದ ಪರೀಕ್ಷೆ ನಡೆದದ್ದು ಹೊರಬಿದ್ದರೆ ಮೂರು ವರ್ಷದ ಕೆಲಸಕ್ಕೆ ಬೀಗ ಬೀಳುತ್ತದೆ ಎಂದರು. ಆಗ ಇಮ್ರಾನನನ್ನು ಇನ್ನೂ ಹಿಡಿದಿರಲಿಲ್ಲ. “ಇಷ್ಟು ಸಣ್ಣ ಸುಳ್ಳಿಲೆ ಯಾರಿಗೇನು ಆಗ್ತದ ಅಂದ್ಕೊಂಡೆ.”

“ಎಂಟು ತಿಂಗಳಾತು ಅಂವ ಒಳಗ ಹೋಗಿ.”

“ನನಗ ಎಣಿಸಲಿಕ್ಕಿ ಬರ್ತದ, ಭಾಗ್ಯ.” ರಾಧಿಕಾ ದನಿ ಏರಿಸಲಿಲ್ಲ, ಆದರೆ ಮಾತು ಚುಚ್ಚುವಂತೆ ಬಂತು. “ಆ ವರದಿ ಮ್ಯಾಲ ನನ್ನ ಸಹಿ ಇಲ್ಲ, ನಿಂದದ. ನೀ ಒಬ್ಬಾಕಿ ದೇವರಾಗಿ ನನ್ನ ಮುಂದ ಕುಂದ್ರಬ್ಯಾಡ.”

“ಸಹಿ ನಂದೇ ಅದ. ತಪ್ಪು ಅಂತ ಬರ್ದು ಇವತ್ತು ಕಳಿಸ್ಲಿಕತ್ತೀನಿ. ಈ ಸಂದೇಶದ್ದೂ ಬರೀತೀನಿ.”

“ನಿನ್ನ ಪಿಎಚ್.ಡಿ. ಅಲ್ಲಿಗೆ ಮುಗೀತು. ಗೊತ್ತದಲ್ಲ?”

“ಗೊತ್ತದ.”

“ನಾ ಈ ಸಂದೇಶ ಅಳಿಸಿಬಿಟ್ರ ಏನು ಮಾಡ್ತಿ?”

ಭಾಗ್ಯ ಅವರ ಹೆಬ್ಬೆರಳನ್ನೇ ನೋಡಿದಳು. ಅದು ಫೋನಿನ ಗಾಜಿನಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಕಸಿದುಕೊಳ್ಳಬಹುದಿತ್ತು. ಕಸಿದುಕೊಳ್ಳಲಿಲ್ಲ. ಲಾಲಮ್ಮ ದಿನಾ ಬೆಳಿಗ್ಗೆ ಒಲೆಯ ಮುಂದೆ ಕುಳಿತು ಆ ಹತ್ತು ಮಾತು ಹೇಳಿಕೊಳ್ಳುತ್ತಾಳೆ, ಯಾರಾದರೂ ಬಂದು ಕೇಳಲಿ ಎಂದು ಕಾಯುತ್ತಾಳೆ ಎಂದಷ್ಟೇ ಹೇಳಿದಳು.

ರಾಧಿಕಾ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕುಳಿತರು. “ಸೋಮವಾರದ ತನಕ ಇದು ಹಿಂಗೇ ಇರ್ತದ. ಆಮ್ಯಾಲಿಂದು ನನಗ ಗೊತ್ತಿಲ್ಲ.”

ಭಾಗ್ಯ ಏಳುವಷ್ಟರಲ್ಲಿ ಅವರು ಮತ್ತೆ ಕರೆದರು.

“ಲಾಲಮ್ಮನ ಪರೀಕ್ಷೆ ಮಾಡ್ರಿ ಅಂತ ನಮಗ ಹೇಳಿದಾವರು ಯಾರು ಅಂದ್ಕೊಂಡೀದಿ?”

“ಪೊಲೀಸರು.”

“ಅಲ್ಲ. ಇಮ್ರಾನನ ವಕೀಲರು. ಸುರೇಶಕುಮಾರ ಅವರೇ ಬರ್ದು ಕೇಳಿದ್ರು. ವರದಿ ಕೊಟ್ಟದ್ದೂ ಅವರೊಬ್ಬರಿಗೇ. ಪೊಲೀಸರ ಕೈಗೆ ಹೆಂಗ ಹೋತು ಅಂತ ನಾನೂ ಭಾಳ ದಿವಸ ವಿಚಾರ ಮಾಡೀನಿ.”

ಮೆಟ್ಟಿಲು ಇಳಿಯುವಾಗ ಆ ಮಾತು ಭಾಗ್ಯಳ ಕಾಲಿಗೆ ತೊಡರಿತು. ತಮ್ಮ ಸಾಕ್ಷಿಯ ನೆನಪು ಗಟ್ಟಿ ಇದೆಯೆಂದು ಬರೆಸಿಕೊಳ್ಳಲು ವಕೀಲರು ಕೇಳಿರಬಹುದು. ಅದು ಸಹಜ. ಆದರೆ ವರದಿ ಉಲ್ಟಾ ಬಂದ ಮೇಲೆ ಅದನ್ನು ಮಡಿಸಿ ಒಳಗಿಡುವುದು ಬಿಟ್ಟು ಎದುರಾಳಿಗೆ ಯಾವ ವಕೀಲ ಕೊಡುತ್ತಾನೆ? ಗುಮಾಸ್ತನ ತಪ್ಪಿರಬಹುದು. ಕೋರ್ಟಿನ ಕಟ್ಟಳೆ ಇರಬಹುದು. ಎಂಟು ತಿಂಗಳಲ್ಲಿ ತಮ್ಮ ಒಬ್ಬಳೇ ಸಾಕ್ಷಿಯನ್ನು ನೋಡಲು ಅವರು ಒಮ್ಮೆಯೂ ವಾಡಿಗೆ ಬಂದಿಲ್ಲ, ಯಾವಾಗಲೂ ಗುಮಾಸ್ತನನ್ನೇ ಕಳಿಸಿದ್ದಾರೆ ಎಂಬುದು ಆಗ ನೆನಪಾಯಿತು. ಕೆಲಸದ ಮನುಷ್ಯ, ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡಳು. ಅಂದುಕೊಂಡದ್ದು ಮನಸ್ಸಿಗೆ ಒಪ್ಪಲಿಲ್ಲ.

ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ತೆಗೆದುಕೊಳ್ಳುವುದು ಮೂರೂವರೆಯವರೆಗೆ. ಗೋಡೆಯ ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ಭಾಗ್ಯ ಮೂಲೆಯ ಮೇಜಿನ ಹತ್ತಿರ ನಿಂತೇ ಇನ್ನೊಂದು ಹಾಳೆ ಬರೆದಳು. ಹತ್ತು ಪದ, ಸಂದೇಶದ ದಿನ, ಹೊತ್ತು, ಅದು ಯಾರ ಫೋನಿನಲ್ಲಿದೆ ಎಂಬುದು. ಕೆಂಪು ಗೀಟಿನ ಅಂಕಪಟ್ಟಿಯನ್ನೂ ಸೇರಿಸಿ ಲಕೋಟೆಗೆ ಅಂಟು ಹಚ್ಚಿದಳು. ಮೇಲೆ ಸುರೇಶಕುಮಾರರ ಕಲಬುರಗಿಯ ವಿಳಾಸ ಮಾರ್ಚಿನಲ್ಲೇ ಬರೆದದ್ದಿತ್ತು.

ಸಾಲಿನಲ್ಲಿ ನಿಂತಳು. ತನ್ನ ಸರದಿ ಬಂದಾಗ ಹಿಂದಿನವರನ್ನು ಮುಂದೆ ಬಿಟ್ಟಳು. ಇನ್ನೊಬ್ಬರನ್ನೂ ಬಿಟ್ಟಳು. ಲಕೋಟೆ ಹಿಡಿದ ಕೈ ಕಿಂಡಿಯ ಕಡೆ ಹೋಗಲೊಲ್ಲದು.

ಆಗ ಫೋನು ಬಂತು. ಲಾಲಮ್ಮ.

“ಭಾಗ್ಯ, ಆ ದಿವಸ ಜೀಪಿನಾಗ ಕುಂತು ಹುಡುಗನ್ನ ಕರ್ಕೊಂಡು ಹೋದಾನಲ್ಲ, ಅಂವ ಬಂದಾನ.” ಮುದುಕಿಯ ದನಿ ಎಂದಿನಂತೆಯೇ ಇತ್ತು, ಸ್ವಲ್ಪ ತಗ್ಗಿತ್ತು ಅಷ್ಟೇ. “ಅಂಗಳದಾಗ ನಿಂತಾನ. ಕರೀ ಕೋಟು ಕೈ ಮ್ಯಾಲ ಹಾಕ್ಕೊಂಡಾನ. ನಾ ಇಮ್ರಾನನ ವಕೀಲ, ಹೆಬ್ಬಟ್ಟು ಒತ್ತೂದದ, ಕಾರಿನಾಗ ಕುಂದ್ರು ಅಂತಾನ. ಗುರ್ತು ಹಿಡದೀನಿ ಅಂತ ತೋರಿಸಿಲ್ಲ ನಾ. ಏನು ಮಾಡ್ಲಿ?”

ಭಾಗ್ಯ ಮಾತಾಡುವ ಮೊದಲೇ ಫೋನಿನ ಆಚೆಯಿಂದ ಇನ್ನೊಂದು ದನಿ ಕೇಳಿತು. ಮೂರು ಗಂಟೆ ಹಿಂದೆ ಬೆಂಗಳೂರಿನಲ್ಲಿದ್ದೇನೆ ಎಂದ ಅದೇ ಸಮಾಧಾನದ ದನಿ.

“ಯಾರಿಗೆ ಹಚ್ಚಿದಿ, ಆಯಿ? ಭಾಗ್ಯ ಮೇಡಂಗೇನು? ಕೊಡಿಲ್ಲಿ, ನಾನೂ ಮಾತಾಡ್ತೀನಿ.”

“ಕುಂದ್ರಬ್ಯಾಡ,” ಎಂದಳು ಭಾಗ್ಯ. “ಆಯಿ, ಕುಂದ್ರಬ್ಯಾಡ.”

ಅಷ್ಟರಲ್ಲಿ ಕರೆ ಕಡಿದಿತ್ತು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ತಿರುಗಿ ಹಚ್ಚಿದರೆ ಫೋನು ಬಂದ್ ಆಗಿತ್ತು.

ಮಾಸುಮಬಿಗೆ ಹಚ್ಚಿದಳು. ಇಷ್ಟು ತಿಂಗಳು ಮಾತಾಡದ ಹೆಂಗಸು ಎರಡನೇ ರಿಂಗಿಗೆ ಎತ್ತಿದಳು. ಲಾಲಮ್ಮನ ಅಂಗಳಕ್ಕೆ ಓಡಿ, ಓಣಿಯವರನ್ನೆಲ್ಲ ಕರೆಯಿರಿ ಎಂದಳು ಭಾಗ್ಯ. ಆ ಕಡೆ ಚಪ್ಪಲಿಯ ಸದ್ದು, ಉಸಿರಿನ ಸದ್ದು. ಆಮೇಲೆ ಚಪ್ಪಲಿಯ ಸದ್ದು ನಿಂತಿತು.

“ಕಾರು ಹೊಂಟು ಹೋತು,” ಎಂದಳು ಮಾಸುಮಬಿ. “ಬಿಳಿ ಕಾರು, ಚಿತ್ತಾಪುರದ ರಸ್ತಾಕ್ಕ ಹೊಳ್ಳ್ಯದ. ಹಿಂದಿನ ಸೀಟಿನಾಗ ಲಾಲಮ್ಮ ಕುಂತಾಳ. ನಾ ಕೈ ಮಾಡಿದ್ರ ಈ ಕಡಿ ನೋಡ್ಲೇ ಇಲ್ಲ.”

ಚಿತ್ತಾಪುರದ ಕಡೆ. ಕೋರ್ಟು ಇರುವ ಕಲಬುರಗಿಯ ಕಡೆ ಅಲ್ಲ. ಯಾರನ್ನಾದರೂ ಬೈಕಿನ ಮೇಲೆ ಹಿಂದೆ ಕಳಿಸಿ, ಕಾರಿನ ನಂಬರು ಬರೆದುಕೊಳ್ಳಲಿ ಎಂದು ಹೇಳಿ ಭಾಗ್ಯ ಪೊಲೀಸರ ಒಂದು ಒಂದು ಎರಡಕ್ಕೆ ಹಚ್ಚಿದಳು. ಹೆಸರು, ಓಣಿ, ರಸ್ತೆ, ಕಾರಿನ ಬಣ್ಣ, ವಕೀಲನ ಹೆಸರು. ಆ ಕಡೆಯವರು ವಕೀಲನ ಹೆಸರನ್ನು ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದಳು.

“ಮೇಡಂ, ಹಾಕೂದಿದ್ರ ಲಗೂ ಹಾಕ್ರಿ,” ಎಂದ ಕಿಂಡಿಯ ಆಚೆಯ ಗುಮಾಸ್ತ. “ಚೀಲ ಕಟ್ಟಬೇಕು.”

ಭಾಗ್ಯ ಅವನ ಕೈಯಿಂದ ಬಿಳಿ ಚೀಟಿಯೊಂದನ್ನು ಇಸಿದುಕೊಂಡು, ಲಕೋಟೆಯ ಮೇಲಿನ ಸುರೇಶಕುಮಾರರ ಹೆಸರಿನ ಮೇಲೆ ಒತ್ತಿ ಅಂಟಿಸಿದಳು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಳು: ಸೆಷನ್ಸ್ ನ್ಯಾಯಾಧೀಶರು, ಕಲಬುರಗಿ.

ಗುಮಾಸ್ತ ತೂಕ ನೋಡಿದ. ಕಳಿಸುವವರ ಹೆಸರು ಕೇಳಿದ. ಅವಳು ಹೇಳಿದಳು. ಫೋನ್ ನಂಬರು ಕೇಳಿದ. ಅದನ್ನೂ ಹೇಳಿದಳು. ಅವನು ಪಟ್ಟಿ ಹಚ್ಚಿ, ಲಕೋಟೆಯನ್ನು ಹಿಂದಿನ ಚೀಲದೊಳಗೆ ಎಸೆದು, ಚೀಲದ ಬಾಯಿಗೆ ಹುರಿ ಬಿಗಿದ.